ಅರ್ಧ ಹೆಂಗಸು, ಅರ್ಧ ಬರೀ ಬಣ್ಣ: ಈ ಚಿತ್ರ ಕೊಳ್ಳಬಹುದಾ?

ಡೊಂಬಿವಲಿ ಪಶ್ಚಿಮ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಈ ಗುಂಪಿನಲ್ಲಿ ಚಿತ್ರಕಲೆ ಓದಿದವರು, ಫ್ರೇಮ್ ಕೆಲಸ ಮಾಡುವವರು ಇದ್ದೀರಿ ಅಂತ ಗೊತ್ತು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮುಂಬಯಿಯ ಕಾಲಾ ಘೋಡಾದ ಒಂದು ಪ್ರದರ್ಶನದಲ್ಲಿ ಒಂದು ಚಿತ್ರ ನೋಡಿದೆ. ಫೋಟೋ ಇಲ್ಲೇ ಹಾಕಿದ್ದೇನೆ. ಸುಮಾರು ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರ. ಲೋಕಲ್ ಟ್ರೇನಿನ ಲೇಡೀಸ್ ಡಬ್ಬಾದಲ್ಲಿ ನಿಂತ ಒಬ್ಬ ಹೆಂಗಸು. ಎಡಗಡೆ ಎಲ್ಲ ಸ್ಪಷ್ಟವಾಗಿದೆ. ಮೇಲಿನ ಹಿಡಿಕೆ ಹಿಡಿದ ಕೈ, ಮೊಣಕೈ, ಕುತ್ತಿಗೆ, ಒಂದು ಕಿವಿ. ಎಲ್ಲ ಇದ್ದಿಲಿನ ಗೆರೆ. ಕಿವಿಯಲ್ಲಿ ಬಂಗಾರದ ಹಾಳೆ ಅಂಟಿಸಿದ ಪುಟ್ಟ ಬೆಂಡೋಲೆ. ಆದರೆ ಮುಖ ಇಲ್ಲ. ಕೆನ್ನೆಯ ಗೆರೆ ಅರ್ಧಕ್ಕೆ ಬಂದು ನಿಂತುಬಿಡುತ್ತದೆ, ಅಲ್ಲಿಂದ ಬಲಕ್ಕೆ ಪೂರ್ತಿ ಬಣ್ಣ, ಕಂದು ಮತ್ತು ಬೂದಿ ನೀಲಿ, ಪದರದ ಮೇಲೆ ಪದರ ಹಾಕಿ ಕೆರೆದ ಹಾಗಿದೆ. ನಡುವೆ ಹಳೇ ಕನ್ನಡ ಪತ್ರಿಕೆಯ ಚೂರುಗಳು, ಮೇಲಿಂದ ಕೆಳಗೆ ಉದ್ದಕ್ಕೆ ಅಂಟಿಸಿದ ಒಂದು ಇಳಕಲ್ ಸೀರೆಯ ದಡಿ. ಕೆಳಗೆ ಮರಳು ಮೆತ್ತಿದ್ದಾರೆ, ಒರಟಾಗಿ ಕಾಣುತ್ತದೆ. ಚೀಟಿಯಲ್ಲಿ ಮಿಕ್ಸ್ಡ್ ಮೀಡಿಯಾ ಆನ್ ಕ್ಯಾನ್ವಾಸ್ (ಕ್ಯಾನ್ವಾಸ್ ಮೇಲೆ ಹಲವು ಸಾಮಗ್ರಿ ಸೇರಿಸಿ ಮಾಡಿದ್ದು) ಅಂತ ಇತ್ತು, ಅಷ್ಟೇ.

ನನಗೆ ಆ ಚಿತ್ರ ಬಿಟ್ಟು ಬರಲು ಮನಸ್ಸಾಗಲಿಲ್ಲ. ನಮ್ಮವರು ಫೋಟೋ ನೋಡಿ "ಇದು ಇನ್ನೂ ಮುಗಿದಿಲ್ಲ ಅಲ್ವಾ" ಅಂದರು. ಬೆಲೆ ನಮ್ಮ ಮಟ್ಟಿಗೆ ಸಣ್ಣದಲ್ಲ, ಈ ವರ್ಷ ಊರಿಗೆ ಹೋಗುವುದನ್ನು ಬಿಟ್ಟರೆ ಹೊಂದಿಸಬಹುದು. ಕಲಾವಿದೆ ಇನ್ನೂ ಚಿಕ್ಕವರು, ಹೆಸರು ಯಾರಿಗೂ ಗೊತ್ತಿರಲಿಕ್ಕಿಲ್ಲ.

ಮುಖ ಬಿಟ್ಟು ಬಣ್ಣ ಬಳಿಯುವುದು ನಿಜಕ್ಕೂ ಕಲೆಯಾ, ಅಥವಾ ಕಷ್ಟದ ಭಾಗದಿಂದ ತಪ್ಪಿಸಿಕೊಳ್ಳುವ ದಾರಿಯಾ? ಇದನ್ನು ನೋಡುವವರು ಹೇಗೆ ಕಂಡುಹಿಡಿಯಬೇಕು? ಇನ್ನೊಂದು, ಇಷ್ಟೆಲ್ಲ ಅಂಟಿಸಿದ ಚಿತ್ರ ನಮ್ಮ ಮಳೆಗಾಲದಲ್ಲಿ ಬಾಳುತ್ತದಾ? ನಮ್ಮ ಹಾಲಿನ ಒಂದು ಗೋಡೆ ಜುಲೈ ಬಂದರೆ ಒದ್ದೆಯಾಗುತ್ತದೆ.

ಮುಲುಂಡ್ ಈಸ್ಟ್ ಬರೆದಿದ್ದು:

ನಾನು ನಿಮ್ಮ ಯಜಮಾನರ ಪಕ್ಷ ಮೇಡಂ. ಈಗ ಯಾವ ಪ್ರದರ್ಶನಕ್ಕೆ ಹೋದರೂ ಪೇಪರ್ ಚೂರು ಅಂಟಿಸಿರುತ್ತಾರೆ, ಬಟ್ಟೆ ಅಂಟಿಸಿರುತ್ತಾರೆ. ಮೂಗು, ತುಟಿ, ಕಣ್ಣು ಬರೆಯುವುದು ಕಷ್ಟದ ಕೆಲಸ. ಕಷ್ಟದ್ದನ್ನು ಬಿಟ್ಟು ಅದಕ್ಕೆ ಅಮೂರ್ತ ಅಂತ ಹೆಸರಿಟ್ಟರೆ ನಾವು ಯಾಕೆ ಒಪ್ಪಬೇಕು? ಕೊಳ್ಳುವ ಮೊದಲು ಆ ಹುಡುಗಿಯ ಸ್ಕೆಚ್ ಪುಸ್ತಕ ಕೇಳಿ ನೋಡಿ. ದಿನಾ ಕೂತು ಜನರನ್ನು ಬರೆಯುವವಳಾದರೆ ಪುಸ್ತಕ ತುಂಬಿರುತ್ತದೆ. ಇಲ್ಲದಿದ್ದರೆ ಅದೂ ಗೊತ್ತಾಗುತ್ತದೆ.

ಮತ್ತೆ, ಮುಂದೆ ಮಾರಿ ದುಡ್ಡು ಮಾಡುವ ಆಸೆ ಇದ್ದರೆ ಬೇಡವೇ ಬೇಡ. ಹೆಸರಿಲ್ಲದವರ ಚಿತ್ರವನ್ನು ವಾಪಸ್ ಕೊಳ್ಳುವವರು ಸಿಗುವುದಿಲ್ಲ. ಹರಾಜಿನಲ್ಲಿ ಓಡುವುದು ಹೆಸರಾದವರ ಕೆಲಸ ಮಾತ್ರ.

ಜೆಜೆ ಹಳೇ ವಿದ್ಯಾರ್ಥಿ ಬರೆದಿದ್ದು:

ಸ್ಕೆಚ್ ಪುಸ್ತಕ ಕೇಳುವ ಸಲಹೆ ಚೆನ್ನಾಗಿದೆ, ಅದನ್ನು ಖಂಡಿತ ಮಾಡಿ. ಆದರೆ ಮುಖ ಬರೆಯುವುದೇ ಕಷ್ಟದ ಭಾಗ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಕೈ ಅದಕ್ಕಿಂತ ಕಷ್ಟ. ಅದರಲ್ಲೂ ಭಾರ ಹೊತ್ತ ಕೈ. ಓಡುವ ಗಾಡಿಯಲ್ಲಿ ಹಿಡಿಕೆ ಹಿಡಿದವರ ಮಣಿಕಟ್ಟು ಎಳೆದ ಹಾಗಿರುತ್ತದೆ, ಭುಜ ಕಿವಿಯ ಕಡೆ ಏರಿರುತ್ತದೆ, ಬೆರಳಿನ ಗೆಣ್ಣು ಎದ್ದು ಕಾಣುತ್ತದೆ. ನೀವು ಹಾಕಿದ ಫೋಟೋ ದೊಡ್ಡದು ಮಾಡಿ ನೋಡಿದೆ. ಆ ಮಣಿಕಟ್ಟಿನ ಮೇಲೆ ದೇಹದ ತೂಕ ಇದೆ. ಭುಜ ಸರಿಯಾದ ಜಾಗದಲ್ಲಿ ಏರಿದೆ. ಅಷ್ಟು ಬರೆಯಬಲ್ಲವರಿಗೆ ಮೂಗು ಬರೆಯಲು ಬರುವುದಿಲ್ಲ ಅಂತ ಹೇಳಲಾಗುವುದಿಲ್ಲ. ಬೇಕಂತಲೇ ಬಿಟ್ಟಿದ್ದಾರೆ. ಹಾಗಾದರೆ ಬಿಟ್ಟು ಏನು ಸಾಧಿಸಿದರು ಅಂತ ಕೇಳಬೇಕು.

ಅದಕ್ಕೆ ನಾವು ಮುಂಬಯಿಯ ಜೆಜೆ ಕಲಾ ಶಾಲೆಯಲ್ಲಿ ಕಲಿಯುವಾಗ ಮಾಡುತ್ತಿದ್ದ ಒಂದು ಪರೀಕ್ಷೆ ಇದೆ. ಫೋಟೋದಲ್ಲಿ ಹೆಂಗಸಿನ ಭಾಗವನ್ನು ಅಂಗೈಯಿಂದ ಮುಚ್ಚಿ. ಉಳಿದ ಬಣ್ಣದ ಭಾಗವನ್ನೇ ಸ್ವಲ್ಪ ಹೊತ್ತು ನೋಡಿ. ಅಲ್ಲಿ ಕಣ್ಣು ಓಡಾಡಲು ದಾರಿ ಇದೆಯಾ, ಒಂದು ಜಾಗದಿಂದ ಇನ್ನೊಂದಕ್ಕೆ ಎಳೆಯುವುದು ಏನಾದರೂ ಇದೆಯಾ, ಅಥವಾ ಜಾಗ ತುಂಬಿಸಲು ಬಳಿದಿದ್ದಾರಾ? ಆಮೇಲೆ ಬಣ್ಣದ ಭಾಗ ಮುಚ್ಚಿ ಹೆಂಗಸನ್ನು ಮಾತ್ರ ನೋಡಿ. ಒಂದನ್ನು ಮುಚ್ಚಿದಾಗ ಇನ್ನೊಂದು ಏನೋ ಕಳೆದುಕೊಂಡ ಹಾಗೆ ಅನಿಸಿದರೆ ಎರಡೂ ಸೇರಿ ಕೆಲಸ ಮಾಡುತ್ತಿವೆ ಅಂತ. ಮುಚ್ಚಿದರೂ ಏನೂ ವ್ಯತ್ಯಾಸ ಆಗಲಿಲ್ಲ ಅಂದರೆ ಮುಲುಂಡ್‌ನವರ ಮಾತೇ ಸರಿ.

ನಮಗೆಲ್ಲ ಮುಗಿದಿಲ್ಲ ಅನಿಸುವುದಕ್ಕೂ ಒಂದು ಕಾರಣ ಇದೆ. ನಮ್ಮ ಮನೆಗಳ ಗೋಡೆ ಮೇಲೆ ಇದ್ದದ್ದು ಕ್ಯಾಲೆಂಡರ್ ದೇವರು. ಕಲಬುರಗಿಯ ಎಸ್. ಎಂ. ಪಂಡಿತರು ಇದೇ ಮುಂಬಯಿಯಲ್ಲಿ ಕೂತು ಸಿನಿಮಾ ಪೋಸ್ಟರ್, ಪುರಾಣದ ಚಿತ್ರ, ಕ್ಯಾಲೆಂಡರ್ ಬರೆದರು. ಒಡವೆಯ ಒಂದೊಂದು ಮಣಿಯೂ ಹೊಳೆಯುತ್ತದೆ, ಚರ್ಮದ ಮೇಲೆ ಬೆಳಕು ಜಾರುತ್ತದೆ. ಅದು ದೊಡ್ಡ ಕೆಲಸ, ನನಗೆ ಅವರ ಮೇಲೆ ತುಂಬ ಗೌರವ. ಆದರೆ ಆ ಅಳತೆಯಿಂದಲೇ ಎಲ್ಲ ಚಿತ್ರ ಅಳೆದರೆ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರೂ ಅರ್ಧಕ್ಕೆ ಬಿಟ್ಟವರೇ ಆಗುತ್ತಾರೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಇಲ್ಲಿಗೆ ಬಂದು ಜೆಜೆಯಲ್ಲಿ ಕಲಿತು, ಅಲ್ಲೇ ಪಾಠ ಹೇಳಿದವರು. ಗೆರೆ ಕುಣಿಯಬೇಕು ಅಂತ ಕಥಕ್ ಕೂಡ ಕಲಿತರು. ಅವರ ರೇಖಾಚಿತ್ರಗಳಲ್ಲಿ ನರ್ತಕಿಯ ಮುಖ ಎಷ್ಟೋ ಸಲ ಇಲ್ಲವೇ ಇಲ್ಲ, ಸೊಂಟದಿಂದ ಹೊರಟ ಒಂದೇ ಗೆರೆ ಕೈಯಾಗಿ, ಸೆರಗಾಗಿ ಹೋಗಿಬಿಡುತ್ತದೆ, ಆದರೂ ಅವಳು ಕುಣಿಯುತ್ತಿದ್ದಾಳೆ ಅಂತ ನಮಗೆ ಗೊತ್ತು. ಕಾಲಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿ 1952ರಲ್ಲಿ ಶುರುವಾಯಿತಲ್ಲ, ಅದಕ್ಕೆ ಒತ್ತಾಯ ಮಾಡಿದವರಲ್ಲಿ ಅಣು ವಿಜ್ಞಾನಿ ಹೋಮಿ ಭಾಭಾ ಜೊತೆ ಹೆಬ್ಬಾರರೂ ಒಬ್ಬರು. ಕಾಲಾ ಘೋಡಾದಲ್ಲಿ ಚಿತ್ರ ನೋಡುವ ನಮ್ಮ ಕನ್ನಡದವರಿಗೆ ಇದು ಗೊತ್ತಿರಬೇಕು ಅನ್ನುವುದು ನನ್ನ ಆಸೆ.

ಅಂಟಿಸುವುದೂ ಈಗಿನ ಹುಡುಗರು ಶುರು ಮಾಡಿದ್ದಲ್ಲ. 1912ರಲ್ಲಿ ಪಿಕಾಸೊ ಕುರ್ಚಿಯ ಬೆತ್ತದ ಹೆಣಿಗೆ ಅಚ್ಚಾದ ಮೇಣದ ಬಟ್ಟೆಯನ್ನು ಚಿತ್ರಕ್ಕೆ ಅಂಟಿಸಿ, ಸುತ್ತ ಹಗ್ಗವನ್ನೇ ಚೌಕಟ್ಟು ಮಾಡಿದ. ಅದೇ ವರ್ಷ ಅವನ ಜೊತೆಗಾರ ಚಿತ್ರಕಾರ ಬ್ರಾಕ್ ಮರದ ಗೆರೆ ಅಚ್ಚಾದ ಗೋಡೆ ಕಾಗದ ಕತ್ತರಿಸಿ ಅಂಟಿಸಿ, ಅದರ ಮೇಲೆ ಇದ್ದಿಲಿನಿಂದ ಬರೆದ. ನಿಮ್ಮ ಚಿತ್ರದ ಇದ್ದಿಲು ಮತ್ತು ಕಾಗದದ ಜೋಡಿ ಅಲ್ಲಿಂದ ಬಂದದ್ದು. ಇಲ್ಲಿನವರನ್ನೇ ನೋಡಿ, ಮುಂಬಯಿಯಲ್ಲಿ ಹುಟ್ಟಿ ಬರೋಡಾಕ್ಕೆ ಹೋದ ಭೂಪೇನ್ ಖಖ್ಖರ್ 1960ರ ದಶಕದಲ್ಲಿ ಅಂಗಡಿಯಲ್ಲಿ ಸಿಗುವ ದೇವರ ಪಟಗಳನ್ನೇ ಅಂಟಿಸಿ ಚಿತ್ರ ಮಾಡಿದರು. ಘಾಟ್ಕೋಪರ್‌ನ ಅತುಲ್ ದೋಡಿಯಾ ಅಂಗಡಿಯ ರೋಲಿಂಗ್ ಶಟರ್ ಮೇಲೆಯೇ ಬರೆದರು, ಶಟರ್ ಎತ್ತಿದರೆ ಒಳಗೆ ಇನ್ನೊಂದು ಚಿತ್ರ.

ಆಕೃತಿ ಮತ್ತು ಬರೀ ಬಣ್ಣ ಎರಡನ್ನೂ ಒಟ್ಟಿಗೆ ಹೇಗೆ ನಿಲ್ಲಿಸಬಹುದು ಅಂತ ನೋಡಬೇಕಾದರೆ ಮುಂಬಯಿಯ ಚಿತ್ರಕಾರ ತೈಯಬ್ ಮೆಹ್ತಾ ಅವರ ಕೆಲಸ ಎಲ್ಲಾದರೂ ಸಿಕ್ಕರೆ ಬಿಡಬೇಡಿ. 1968ರಲ್ಲಿ ನ್ಯೂಯಾರ್ಕಿಗೆ ಹೋಗಿ ಬಂದ ಮೇಲೆ ಅವರು ಕ್ಯಾನ್ವಾಸನ್ನು ಒಂದು ಓರೆ ಗೆರೆಯಿಂದ ಸೀಳಿದರು. ಆ ಗೆರೆ ಮನುಷ್ಯನ ಮೈಯನ್ನೂ ಸೀಳಿಕೊಂಡು ಹೋಗುತ್ತದೆ. ಸುತ್ತ ನೆರಳಿಲ್ಲದ ಚಪ್ಪಟೆ ಬಣ್ಣ. ಹಾಗಂತ ಅದು ಸುಮ್ನೆ ಆಟವಲ್ಲ. 1947ರ ಗಲಭೆಯಲ್ಲಿ ಮೊಹಮ್ಮದ್ ಅಲಿ ರೋಡಿನಲ್ಲಿ ಒಬ್ಬನನ್ನು ಜನ ಕೊಂದದ್ದನ್ನು ಅವರು ಮನೆಯ ಕಿಟಕಿಯಿಂದ ನೋಡಿದ್ದರು. ಬೀಳುವ, ತುಂಡಾಗುವ ಮೈಗಳು ಕೊನೆಯವರೆಗೂ ಅವರ ಚಿತ್ರ ಬಿಡಲಿಲ್ಲ.

ಡೊಂಬಿವಲಿ ಪಶ್ಚಿಮ ಬರೆದಿದ್ದು:

ಸರ್, ಅಂಗೈ ಇಟ್ಟು ನೋಡಿದೆ. ನಮ್ಮವರನ್ನೂ ಕೂರಿಸಿ ತೋರಿಸಿದೆ. ಹೆಂಗಸನ್ನು ಮುಚ್ಚಿದಾಗ ಬಲಗಡೆಯ ಕೆರೆದ ಗೆರೆಗಳೆಲ್ಲ ಒಂದೇ ಓರೆಯಲ್ಲಿ ಇಳಿಯುವುದು ಕಂಡಿತು. ಕೈ ತೆಗೆದರೆ ಆ ಓರೆ ಅವಳ ತೋಳಿನದೇ ಓರೆ! ತೋಳು ಎಲ್ಲಿ ಮುಗಿಯಿತೋ ಅಲ್ಲಿಂದ ಬಣ್ಣ ಮುಂದುವರಿಯುತ್ತದೆ. ಗಾಡಿ ತಿರುವಿನಲ್ಲಿ ವಾಲಿದಾಗ ಡಬ್ಬಾದಲ್ಲಿ ಎಲ್ಲರೂ ಒಂದೇ ಕಡೆ ವಾಲುತ್ತೇವಲ್ಲ, ಆ ಎಳೆತ ಇಡೀ ಚಿತ್ರದಲ್ಲಿದೆ. ನಮ್ಮವರು ಇದನ್ನು ಒಪ್ಪಿದರು, ಮುಖ ಇರಬೇಕಿತ್ತು ಅನ್ನುವುದನ್ನು ಮಾತ್ರ ಬಿಟ್ಟಿಲ್ಲ.

ಆದರೆ ಆ ದಡಿ ನನಗೆ ಅರ್ಥ ಆಗಲಿಲ್ಲ. ಎಲ್ಲ ಓರೆ ಇರುವಾಗ ಅದೊಂದು ನೆಟ್ಟಗೆ ನಿಂತಿದೆ.

ಪುಣೆ ಕೋಥ್ರೂಡ್ ಬರೆದಿದ್ದು:

ಅಕ್ಕ, ನಾನು ಬಾಗಲಕೋಟೆ ಕಡೆಯವಳು, ನಮ್ಮ ಮನೆಯಲ್ಲಿ ಇಳಕಲ್ ಬಿಟ್ಟು ಬೇರೆ ಸೀರೆ ಉಟ್ಟದ್ದೇ ಕಡಿಮೆ. ಅದಕ್ಕೆ ಈ ದಡಿಯ ಬಗ್ಗೆ ನಾನು ಮಾತಾಡಲೇಬೇಕು. ಇಳಕಲ್ ದಡಿಯನ್ನೋ ಕಸೂತಿಯನ್ನೋ ಕತ್ತರಿಸಿ ಅಂಟಿಸಿ "ಇದು ನಮ್ಮ ಬೇರು" ಅನ್ನುವ ಚಿತ್ರಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಅಂಗಡಿಯಿಂದ ಹೊಸ ಬಟ್ಟೆ ತಂದು, ಒಂದು ಚೂರು ಕತ್ತರಿಸಿ, ಊರಿನ ಗುರುತಿನ ಚೀಟಿ ಮಾಡಿ ಹಚ್ಚುವುದು. ಆ ಜಾಗದಲ್ಲಿ ಬೇರೆ ಯಾವ ಬಟ್ಟೆ ಇದ್ದರೂ ಚಿತ್ರ ಹಾಗೇ ಇರುತ್ತದೆ ಅಂದಮೇಲೆ ನೇಕಾರರು ಅಷ್ಟು ಕಷ್ಟಪಟ್ಟು ನೇಯ್ದದ್ದನ್ನು ಯಾಕೆ ಕತ್ತರಿಸಬೇಕು?

ಆದರೆ ನಿಮ್ಮ ಚಿತ್ರದ್ದು ಹಾಗಿಲ್ಲ ಅಂತ ನನಗೆ ಅನಿಸುತ್ತಿದೆ. ಫೋಟೋ ನೋಡಿ. ಆ ದಡಿ ಉಟ್ಟು ಸವೆದದ್ದು, ನೆಲಕ್ಕೆ ತಾಗುವ ಅಂಚು ಬಿಚ್ಚಿಕೊಂಡಿದೆ, ಕೆಂಪು ಮಾಸಿದೆ. ಮತ್ತೆ ಅದು ನಿಂತಿರುವ ಜಾಗ ನೋಡಿ. ಲೇಡೀಸ್ ಡಬ್ಬಾದ ಬಾಗಿಲ ಹತ್ತಿರ, ನಡುಮಧ್ಯೆ, ನೆಲದಿಂದ ಚಾವಣಿಗೆ ಒಂದು ಸ್ಟೀಲ್ ಕಂಬ ಇರುತ್ತದಲ್ಲ, ಎಲ್ಲರೂ ಹಿಡಿದುಕೊಳ್ಳುವ ಕಂಬ? ಅಲ್ಲಿಗೇ ಬಂದಿದೆ ದಡಿ. ಅದಕ್ಕೇ ನೆಟ್ಟಗಿದೆ.

ಡೊಂಬಿವಲಿ ಪಶ್ಚಿಮ ಬರೆದಿದ್ದು:

ಅಯ್ಯೋ ಹೌದು. ಅದು ಕಂಬವೇ. ದಿನಾ ಹಿಡಿದು ನಿಲ್ಲುವವಳಿಗೆ ನನಗೇ ಹೊಳೆಯಲಿಲ್ಲ ನೋಡಿ.

ಮುಲುಂಡ್ ಈಸ್ಟ್ ಬರೆದಿದ್ದು:

ಕಂಬದ ಮಾತು ಚೆನ್ನಾಗಿದೆ, ಒಪ್ಪಿದೆ. ಆದರೆ ಇಷ್ಟು ಜನ ಕೂತು ಬಿಡಿಸಿ ಹೇಳಿದ ಮೇಲೆ ತಿಳಿಯುವ ಚಿತ್ರ ಗೋಡೆಯ ಮೇಲೆ ಒಂಟಿಯಾಗಿ ಏನು ಮಾಡುತ್ತದೆ?

ಪುಣೆ ಕೋಥ್ರೂಡ್ ಬರೆದಿದ್ದು:

ಅಣ್ಣಾ, ಅವರಿಗೆ ಕಂಬ ತಿಳಿಯುವ ಮೊದಲೇ ಚಿತ್ರ ಬಿಟ್ಟು ಬರಲು ಮನಸ್ಸಾಗಲಿಲ್ಲ ಅಂತ ಬರೆದಿದ್ದಾರೆ. ಚಿತ್ರ ಕೆಲಸ ಮಾಡಿದ್ದು ಅಲ್ಲಿ. ನಾವು ಈಗ ಹುಡುಕುತ್ತಿರುವುದು ಅದಕ್ಕೆ ಕಾರಣ. ನೆಟ್ಟಗಿನ ಒಂದು ಕೆಂಪು ಪಟ್ಟಿ ಇಲ್ಲದಿದ್ದರೆ ಓರೆ ಗೆರೆಗಳೆಲ್ಲ ಚಿತ್ರದಿಂದ ಹೊರಗೆ ಜಾರಿ ಹೋಗುತ್ತಿದ್ದವು, ಅದನ್ನು ಕಣ್ಣು ಮೊದಲೇ ಕಂಡಿರುತ್ತದೆ. ಮುಖದ ವಿಷಯವೂ ಹಾಗೇ. ಮುಖ ಇದ್ದಿದ್ದರೆ ನಾವೆಲ್ಲ ಮೊದಲು ಮುಖ ನೋಡುತ್ತಿದ್ದೆವು, ಚೆಂದ ಇದ್ದಾಳಾ, ದಣಿದಿದ್ದಾಳಾ ಅಂತ. ಈಗ ಮಣಿಕಟ್ಟು ನೋಡುತ್ತಿದ್ದೇವೆ. ಅವಳ ದಣಿವು ಅಲ್ಲಿದೆ.

ಗಿರ್ಗಾಂವ್ ಫ್ರೇಮ್ ಕೆಲಸ ಬರೆದಿದ್ದು:

ಕಲೆಯ ಮಾತು ನೀವುಗಳು ಹೇಳಿದಿರಿ, ನಾನು ಬಾಳಿಕೆಯ ಮಾತು ಹೇಳುತ್ತೇನೆ ಮಾರಾಯರೇ, ಯಾಕೆಂದರೆ ಮಳೆಗಾಲ ಮುಗಿದ ಮೇಲೆ ಹಾಳಾದ ಚಿತ್ರ ಹಿಡಿದು ಬರುವವರ ಮುಖ ನೋಡಲಾಗುವುದಿಲ್ಲ.

ಮಿಕ್ಸ್ಡ್ ಮೀಡಿಯಾ ಅಂತ ಬರೆದರೆ ಸಾಲದು. ಯಾವುದರ ಮೇಲೆ ಯಾವುದು ಅಂತ ಕಲಾವಿದೆಯಿಂದ ಬರೆಸಿಕೊಳ್ಳಿ. ಅಕ್ರಿಲಿಕ್ ಮೇಲೆ ಎಣ್ಣೆ ಬಣ್ಣ ಹಾಕಿದರೆ ತೊಂದರೆ ಇಲ್ಲ. ಎಣ್ಣೆ ಬಣ್ಣದ ಮೇಲೆ ಅಕ್ರಿಲಿಕ್ ಹಾಕಿದ್ದರೆ ಒಂದಲ್ಲ ಒಂದು ದಿನ ಸಿಪ್ಪೆ ಏಳುತ್ತದೆ. ಎಣ್ಣೆ ಬಣ್ಣ ತಿಂಗಳುಗಟ್ಟಲೆ ಒಣಗುತ್ತಾ, ಬದಲಾಗುತ್ತಾ ಇರುತ್ತದೆ. ಅಕ್ರಿಲಿಕ್ ಬೇಗ ಒಣಗಿ ಪ್ಲಾಸ್ಟಿಕ್ ಪದರ ಆಗಿಬಿಡುತ್ತದೆ. ಎರಡೂ ಒಂದನ್ನೊಂದು ಹಿಡಿದುಕೊಳ್ಳುವುದಿಲ್ಲ.

ಪೇಪರ್ ಚೂರು ಯಾವುದರಿಂದ ಅಂಟಿಸಿದ್ದು ಅಂತ ಕೇಳಿ. ಮೈದಾ ಗೋಂದಾದರೆ ಬೇಡ, ಜಿರಳೆಗೂ ಪುಸ್ತಕದಲ್ಲಿ ಓಡಾಡುವ ಬೆಳ್ಳಿ ಬಣ್ಣದ ಹುಳಕ್ಕೂ ಅದು ಊಟ, ಫಂಗಸ್ ಕೂಡ ಅಲ್ಲೇ ಮೊದಲು ಬರುತ್ತದೆ. ಮಾಮೂಲಿ ಬಿಳಿ ಅಂಟು ತೇವಕ್ಕೆ ಮೆತ್ತಗಾಗುತ್ತದೆ. ಅಕ್ರಿಲಿಕ್ ಮೀಡಿಯಂ (ಬಣ್ಣ ಸೇರಿಸದ ಅಕ್ರಿಲಿಕ್ ಅಂಟು) ಕೆಳಗೆ ಹಾಕಿ, ಕಾಗದ ಇಟ್ಟು, ಮೇಲೂ ಹಾಕಿ ಮುಚ್ಚಿದ್ದರೆ ಒಳ್ಳೆಯದು. ಆದರೂ ನ್ಯೂಸ್‌ಪ್ರಿಂಟ್ ಕಾಗದ ಬೆಳಕಿಗೆ ಹಳದಿ ಆಗಿಯೇ ಆಗುತ್ತದೆ. ಮರದ ತಿರುಳಿನ ಲಿಗ್ನಿನ್ ಅನ್ನುವ, ಹಳದಿ ಮಾಡುವ ಅಂಶ ಅದರಲ್ಲೇ ಇದೆ, ಮುಚ್ಚಿದರೆ ನಿಧಾನ ಆಗುತ್ತದೆ, ನಿಲ್ಲುವುದಿಲ್ಲ. ನಿಮ್ಮ ಚಿತ್ರದಲ್ಲಿ ಪೇಪರ್ ಸುತ್ತ ಕಂದು ಬಣ್ಣವೇ ಇರುವುದರಿಂದ ಅಷ್ಟು ಬಾಧೆ ಇಲ್ಲ ಅಂತ ನನ್ನ ಅಂದಾಜು. ದಡಿ ಮೇಲೆ ನೇರ ಬಿಸಿಲು ಬೀಳಬಾರದು, ಉಳಿದ ಕೆಂಪೂ ಹೋಗುತ್ತದೆ.

ಮರಳು ಎಲ್ಲಿಯದು? ಇದನ್ನು ಮರೆಯದೆ ಕೇಳಿ. ಸಮುದ್ರದ ಮರಳನ್ನು ತೊಳೆಯದೆ ಹಾಕಿದ್ದರೆ ಒಳಗಿನ ಉಪ್ಪು ಗಾಳಿಯ ನೀರನ್ನು ಎಳೆದುಕೊಂಡು ಕೂರುತ್ತದೆ, ಒಣಗಿದಾಗ ಬಿಳಿ ಪುಡಿ ಮೇಲೆ ಬರುತ್ತದೆ. ಬೆಂಡೋಲೆಯದು ನಿಜವಾದ ಚಿನ್ನದ ಹಾಳೆಯಾದರೆ ಚಿಂತೆ ಇಲ್ಲ. ಅಗ್ಗದ ಹಾಳೆ ಇರುವುದು ತಾಮ್ರ ಮತ್ತು ಸತು, ಮೇಲೆ ವಾರ್ನಿಶ್ ಹಾಕದಿದ್ದರೆ ನಮ್ಮ ಉಪ್ಪುಗಾಳಿಗೆ ಕಪ್ಪು ಅಥವಾ ಹಸಿರು ತಿರುಗುತ್ತದೆ. ಇದ್ದಿಲಿಗೆ ಫಿಕ್ಸೆಟಿವ್ (ಪುಡಿ ಉದುರದಂತೆ ಹಿಡಿಯುವ ಸ್ಪ್ರೇ) ಹೊಡೆದಿದ್ದಾರಾ ಅಂತ ಕೇಳಿ, ನೀವೇ ಬೆರಳು ಹಚ್ಚಿ ನೋಡಬೇಡಿ.

ಚಿತ್ರವನ್ನು ತಿರುಗಿಸಿ ಹಿಂದೆ ನೋಡುವುದು ಬಹಳ ಮುಖ್ಯ. ಮರಳು, ಬಟ್ಟೆ ಎಲ್ಲ ಭಾರ. ಎಳೆದು ಕಟ್ಟಿದ ಕ್ಯಾನ್ವಾಸ್ ತೇವಕ್ಕೆ ಸಡಿಲ ಆಗುತ್ತದೆ, ಒಣ ಹವೆಗೆ ಬಿಗಿಯಾಗುತ್ತದೆ, ಹಾಗೆ ಹಿಗ್ಗಿ ಕುಗ್ಗಿ ದಪ್ಪ ಪದರ ಬಿರುಕು ಬಿಡುತ್ತದೆ. ಹಿಂದೆ ಗಟ್ಟಿ ಹಲಗೆಗೆ ಕ್ಯಾನ್ವಾಸ್ ಅಂಟಿಸಿದ್ದರೆ ಅರ್ಧ ತಲೆನೋವು ಕಡಿಮೆ. ಇಲ್ಲದಿದ್ದರೆ ಚೌಕಟ್ಟಿನ ಮೂಲೆಗಳಲ್ಲಿ ಚಿಕ್ಕ ಮರದ ಬೆಣೆಗಳು ಇವೆಯಾ ನೋಡಿ. ಕ್ಯಾನ್ವಾಸ್ ಜೋತಾಗ ಅವನ್ನು ಮೆಲ್ಲಗೆ ತಟ್ಟಿ ಬಿಗಿ ಮಾಡಬಹುದು.

ಒದ್ದೆ ಗೋಡೆಗೆ ಮಾತ್ರ ಹಾಕಬೇಡಿ. ಹೊರಗೋಡೆಯೇ ಬೇಡ, ಎರಡು ಕೋಣೆಗಳ ನಡುವಿನ ಗೋಡೆ ಆರಿಸಿ, ಅಡುಗೆಮನೆಗೆ ಬಚ್ಚಲಿಗೆ ತಾಗಿದ್ದೂ ಬೇಡ. ಗಾಳಿಯ ತೇವ ಶೇಕಡಾ 65-70 ದಾಟಿ ಹಾಗೇ ನಿಂತರೆ ಫಂಗಸ್ ಶುರು, ಜುಲೈಯಲ್ಲಿ ನಮ್ಮಲ್ಲಿ ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಗಾಳಿ ಆಡಬೇಕು. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಬೆರಳಗಲದ ರಬ್ಬರ್ ಬಿರಡೆ ಅಂಟಿಸಿ ಗೋಡೆಯಿಂದ ದೂರ ಇಡಿ. ಫಂಗಸ್ ಬಂದರೆ ಒದ್ದೆ ಬಟ್ಟೆಯಲ್ಲಿ ಒರೆಸುವ ಕೆಲಸ ಮಾಡಬೇಡಿ, ಅದು ಒಳಗೆ ಇಳಿಯುತ್ತದೆ. ಜಹಾಂಗೀರ್ ಪಕ್ಕದಲ್ಲೇ ಇರುವ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯದಲ್ಲಿ ಕಲಾಕೃತಿ ಸಂರಕ್ಷಣೆಯ ಕೇಂದ್ರವೇ ಇದೆ, ಗೊತ್ತಿರುವವರನ್ನು ಕೇಳಿಯೇ ಮುಂದುವರಿಯಿರಿ.

ಡೊಂಬಿವಲಿ ಪಶ್ಚಿಮ ಬರೆದಿದ್ದು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಗ್ಯಾಲರಿಯವರ ಮೂಲಕ ಕಲಾವಿದೆಯ ಹತ್ತಿರ ಫೋನಿನಲ್ಲಿ ಮಾತಾಡಿದೆ. ಪ್ರಶ್ನೆಗಳನ್ನು ಕೇಳಿ ಅವರಿಗೆ ಖುಷಿಯೇ ಆಯಿತು. ಎಲ್ಲ ಅಕ್ರಿಲಿಕ್, ಎಣ್ಣೆ ಬಣ್ಣ ಇಲ್ಲವೇ ಇಲ್ಲ. ಪೇಪರ್ ಮತ್ತು ದಡಿ ಅಕ್ರಿಲಿಕ್ ಮೀಡಿಯಂನಿಂದಲೇ ಅಂಟಿಸಿದ್ದು. ಮರಳು ನದಿಯದು, ತೊಳೆದು ಒಣಗಿಸಿದ್ದು. ಬೆಂಡೋಲೆಯದು ಅಗ್ಗದ ಹಾಳೆ, ಮೇಲೆ ವಾರ್ನಿಶ್ ಇದೆ ಅಂದರು, ಮುಚ್ಚಿಡಲಿಲ್ಲ. ಹಿಂದೆ ಹಲಗೆ ಇದೆ. ಸ್ಕೆಚ್ ಪುಸ್ತಕದ ಫೋಟೋ ಕಳಿಸಿದ್ದಾರೆ, ಪುಟ ಪುಟವೂ ಹಿಡಿಕೆ ಹಿಡಿದ ಕೈಗಳು, ಮುಖಗಳೂ ಬೇಕಾದಷ್ಟು ಇವೆ. ನಮ್ಮವರು ಒಂದೊಂದನ್ನೂ ನಿಧಾನವಾಗಿ ನೋಡಿದರು. ದಡಿ ಅವರ ಅಜ್ಜಿ ಉಟ್ಟು ಬಿಟ್ಟ ಸೀರೆಯದಂತೆ.

ಕೊಳ್ಳುತ್ತಿದ್ದೇವೆ. ದುಡ್ಡು ಎರಡು ಕಂತಿನಲ್ಲಿ ಕೊಡಬಹುದು ಅಂದಿದ್ದಾರೆ. ಹಾಲ್ ಮತ್ತು ಮಲಗುವ ಕೋಣೆಯ ನಡುವಿನ ಗೋಡೆ ಖಾಲಿ ಮಾಡಿದ್ದೇವೆ. ಕೊನೆಯದಾಗಿ ಗಿರ್ಗಾಂವ್‌ನವರು ಹೇಳಬೇಕು: ಮೇಲೆ ಗಾಜು ಹಾಕಿಸಬೇಕಾ, ಅಥವಾ ಹಗುರ ಇರುತ್ತದೆ ಅಂತ ಅಕ್ರಿಲಿಕ್ ಶೀಟ್ (ಗಾಜಿನಂಥ ಪ್ಲಾಸ್ಟಿಕ್ ಹಾಳೆ) ಹಾಕಿಸಬಹುದಾ?

ಗಿರ್ಗಾಂವ್ ಫ್ರೇಮ್ ಕೆಲಸ ಬರೆದಿದ್ದು:

ಗಾಜೇ ಹಾಕಿಸಿ ಅಕ್ಕ. ಅಕ್ರಿಲಿಕ್ ಶೀಟನ್ನು ಬಟ್ಟೆಯಿಂದ ಒರೆಸಿದಾಗ ಸ್ಥಾಯಿ ವಿದ್ಯುತ್ ಹುಟ್ಟಿ ಇದ್ದಿಲಿನ ಪುಡಿಯನ್ನು ಎಳೆಯುತ್ತದೆ. ಮರಳಿನ ಅತಿ ಎತ್ತರದ ಜಾಗ ಅಳೆದು, ಅದಕ್ಕಿಂತ ಮುಂದೆ ಗಾಜು ನಿಲ್ಲುವ ಹಾಗೆ ಒಳಗೆ ಮರದ ಪಟ್ಟಿ ಕೊಡಿಸಿ, ಎಲ್ಲೂ ತಾಗಬಾರದು. ತೂಕ ಜಾಸ್ತಿ ಆಗುವುದರಿಂದ ಒಂದೇ ಮೊಳೆಗೆ ನೇತುಹಾಕದೆ ಎರಡು ಸ್ಕ್ರೂ ಹಾಕಿಸಿ. ಮತ್ತೆ ಈ ಕೆಲಸ ಮಳೆ ಶುರುವಾಗುವ ಮೊದಲೇ ಮಾಡಿಸಿಬಿಡಿ, ತೇವದ ದಿನ ಫ್ರೇಮ್ ಮುಚ್ಚಿದರೆ ಆ ತೇವವೂ ಒಳಗೇ ಉಳಿಯುತ್ತದೆ.